ಜಳಕೋಟದವನಿಗೆ ಕೊಟ್ಟ ಪರವಾನಗಿ

ನನ್ನ ಮೊಬೈಲು ನನ್ನನ್ನು ಎಷ್ಟು ಸಲ ಅನುಮತಿ ಕೇಳುತ್ತದೋ ಅಷ್ಟು ಸಲ ಈ ಜನ್ಮದಲ್ಲಿ ನನ್ನನ್ನು ಇನ್ನಾರೂ ಕೇಳಿಲ್ಲ. ಮಹಾರಾಷ್ಟ್ರದ ಗಡಿಯೂರಾದ ಉಮರ್ಗಾದ ಬಜಾರದಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಬರುವ ಹೆಣ್ಣುಮಕ್ಕಳು ನಾನು ಅಚ್ಚುಕಟ್ಟಾಗಿ ಮಡಿಕೆ ಹಾಕಿಟ್ಟ ಸೀರೆಯನ್ನು ಬಿಚ್ಚಿ, ಹೆಗಲ ಮೇಲೆ ಹೊದ್ದು, ಕನ್ನಡಿ ನೋಡಿಕೊಂಡು, 'ನಾಳಿಗಿ ಬರ್ತೀವ್ರಿ' ಎಂದು ಎದ್ದು ಹೋಗುತ್ತಾರೆ. ಪಕ್ಕದ ಅಂಗಡಿಯವರು ನಾನಿನ್ನೂ ತೆರೆಯದ ಪತ್ರಿಕೆಯನ್ನು ಒಯ್ದು ಪದಬಂಧ ತುಂಬಿಸಿ ತಂದುಕೊಡುತ್ತಾರೆ. ಮನೆಯಲ್ಲಿ ನನ್ನ ಹೆಂಡತಿ ಶಾಂತಾ ನನಗೆ ಇವತ್ತು ಎಷ್ಟು ಹಸಿವಿದೆ ಎಂಬುದನ್ನು ತಾನೇ ನಿರ್ಧರಿಸಿ ತಾಟಿಗೆ ರೊಟ್ಟಿ ಹಾಕುತ್ತಾಳೆ. ಹೀಗೆ ಸುಮಾರು ಅರ್ಧ ಶತಮಾನ ಯಾರಿಂದಲೂ ಏನನ್ನೂ ಕೇಳಿಸಿಕೊಳ್ಳದೆ ಬಾಳಿದ ಮನುಷ್ಯನಿಗೆ ಅಂಗೈಯಷ್ಟು ದೊಡ್ಡ ಯಂತ್ರವೊಂದು 'ತಮ್ಮ ಫೋಟೋ ನೋಡಬಹುದೇ? ತಮ್ಮ ದನಿ ಕೇಳಬಹುದೇ?' ಎಂದು ವಿನಯದಿಂದ ಕೇಳಿದರೆ ಏನಾಗಬೇಡ! ನಾನು ಉಬ್ಬಿಹೋದೆ. ಕೇಳಿದ್ದಕ್ಕೆಲ್ಲ ಹೂಂ ಎಂದೆ. ಒಂದು ವರ್ಷ ಹಾಗೇ ದಾನಶೂರ ಕರ್ಣನಾಗಿ ಕಳೆದೆ.

ಕಣ್ಣು ತೆರೆದದ್ದು ಒಂದು ಟಾರ್ಚಿನಿಂದ. ಕರೆಂಟು ಹೋದಾಗ ಬೆಳಕಿಗಿರಲಿ ಎಂದು ಒಂದು ಆ್ಯಪ್ ಹಾಕಿಕೊಂಡೆ. ಅದು ನನ್ನಲ್ಲಿರುವ ಎಲ್ಲರ ನಂಬರುಗಳನ್ನೂ ಕೇಳಿತು. ಬೆರಳು ಒತ್ತಲು ಹೋಗಿ ನಿಂತೆ. ಟಾರ್ಚಿಗೆ ಬೇಕಾದದ್ದು ಕತ್ತಲೆ. ನನ್ನ ಬೀಗರ ನಂಬರು ಅದಕ್ಕೇಕೆ? ಅಂದಿನಿಂದ ಯಾವ ಆ್ಯಪ್ ಏನು ಕೇಳಿದರೂ ನನಗೆ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ನೆನಪಾಗತೊಡಗಿದಳು.

ಆಯಿಯ ಕಾಲದ ಮನೆಗೆ ಬರುವವರಿಗೆಲ್ಲ ಎಲ್ಲಿಯವರೆಗೆ ಬರಬಹುದು ಎಂಬುದು ಮೊದಲೇ ಗೊತ್ತಿತ್ತು. ಧಾನ್ಯದ ದಲಾಲ ಎಷ್ಟು ದೊಡ್ಡ ಕುಳವಾದರೂ ಕಟ್ಟೆಯ ಮೇಲೆ. ಬೆಲ್ಲ, ನೀರು ಅಲ್ಲಿಗೇ ಬರುತ್ತಿದ್ದವು. ಬಳೆಗಾರ ಪಡಸಾಲೆಗೆ ಬಂದು ಕೂತು ಸೊಸೆಯಂದಿರ ಕೈಹಿಡಿದು ಬಳೆ ತೊಡಿಸಬಹುದಿತ್ತು. ಹಗಲು ಹೊತ್ತಿನಲ್ಲಿ ಅವರ ಗಂಡಂದಿರೇ ಹಿಡಿಯಲು ಹೆದರುತ್ತಿದ್ದ ಕೈಗಳು ಅವು. ಆದರೆ ಅದೇ ಬಳೆಗಾರ ಅಡಿಗೆಮನೆಯ ಕಡೆ ಇಣುಕಿದರೆ ಆಯಿ ಕೆಮ್ಮುತ್ತಿದ್ದಳು. ಹಾಲು ತರುವ ಅವ್ವ ಒಲೆಯವರೆಗೆ, ಜಂಗಮರು ದೇವರ ಖೋಲಿಯವರೆಗೆ. ಆಯಿಯ ಕಟ್ಟಳೆಯೆಲ್ಲ ನ್ಯಾಯದ್ದಾಗಿತ್ತೆಂದು ನಾನು ಹೇಳಲಾರೆ; ಕೆಲವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆದರೆ ಬಳೆ ತೊಡಿಸುವವನಿಗೆ ಕೈ ಸಾಕು, ಕಣಜದ ಕೀಲಿ ಬೇಡ ಎಂಬಷ್ಟು ಅವಳಿಗೆ ತಿಳಿದಿತ್ತು. ಹೊಸಬರು ಬಂದರೆ ಕೂತಲ್ಲಿಂದಲೇ ಕೇಳುತ್ತಿದ್ದಳು: "ಯಾ ಊರ? ಯಾರ ಪೈಕಿ?" ಆ ಎರಡು ಮಾತಿಗೆ ಸರಿಯಾದ ಉತ್ತರ ಬಂದರೆ ಚಾಪೆ, ಇಲ್ಲವಾದರೆ ಬರೀ ನೀರು.

ಇಷ್ಟೆಲ್ಲ ಪೀಠಿಕೆ ಹಾಕುತ್ತಿರುವುದು ಒಂದು ತಪ್ಪೊಪ್ಪಿಗೆಗೆ. ನನಗೊಂದು ಚಟವಿದೆ. ಕುಡಿತವಲ್ಲ, ಇಸ್ಪೀಟಲ್ಲ. ನಾನು ಮೋಡ ನೋಡುತ್ತೇನೆ.

ಗುರುವಾರ ನಮ್ಮ ಅಂಗಡಿಗೆ ರಜೆ. ಆ ದಿನ ನಾನು ಮೋಟರ್ ಸೈಕಲ್ಲಿನಲ್ಲಿ ನಿಲಂಗಾಕ್ಕೆ ಹೋಗುತ್ತೇನೆ. ಅಲ್ಲಿಯ ಎರಡು ಅಂಗಡಿಗಳಿಗೆ ನಮ್ಮಿಂದ ಇಳಕಲ್ ಸೀರೆ ಹೋಗುತ್ತವೆ. ಯಾವ ಬಣ್ಣ ಎಷ್ಟು ಬೇಕೆಂದು ಬರೆದುಕೊಂಡು ಬರುವುದು ಅರ್ಧ ತಾಸಿನ ಕೆಲಸ. ವಾಪಸು ಬರುವಾಗ ದಾರಿಯ ಬದಿಯಲ್ಲಿ ಒಂದು ದಿಬ್ಬವಿದೆ. ಮೇಲೊಂದು ಬೇವಿನ ಮರ, ಮರದ ಕೆಳಗೆ ಎಮ್ಮೆ ಮಲಗಿದಂಥ ಕರಿಕಲ್ಲು. ಸುತ್ತ ಕಣ್ಣು ಹೋದಷ್ಟು ದೂರ ಸೋಯಾಬೀನ್, ತೊಗರಿ. ನಾನು ಗಾಡಿ ನಿಲ್ಲಿಸಿ, ಆ ಕಲ್ಲಿನ ಮೇಲೆ ಅಂಗಾತ ಮಲಗಿ, ಎರಡೂ ಕೈ ತಲೆಯ ಕೆಳಗಿಟ್ಟುಕೊಂಡು ಮೇಲೆ ನೋಡುತ್ತೇನೆ. ಒಂದು ತಾಸು. ಮಳೆಗಾಲದಲ್ಲಿ ಒಂದೂವರೆ.

ಮೊದಲ ಹತ್ತು ನಿಮಿಷ ವ್ಯಾಪಾರ ಬಿಡುವುದಿಲ್ಲ. ಇದು ಮಲಮಲ್, ಅದು ಖಾದಿ, ಆ ಅಂಚಿನದು ಒಗೆದರೆ ಕುಗ್ಗುವ ಮಾಲು ಎಂದು ಕಣ್ಣು ತಾನೇ ಬೆಲೆ ಕಟ್ಟುತ್ತದೆ. ಆಮೇಲೆ ಮೆಲ್ಲಗೆ ಗಜಕಡ್ಡಿ ಕೈಜಾರುತ್ತದೆ. ಬೇವಿನೆಲೆ ಅಲುಗುತ್ತದೆ, ಮೋಡ ನಡೆಯುತ್ತಿದೆಯೋ ನಾನು ಮಲಗಿದ ಕಲ್ಲು ನಡೆಯುತ್ತಿದೆಯೋ ತಿಳಿಯುವುದಿಲ್ಲ. ಒಮ್ಮೊಮ್ಮೆ ಅಲ್ಲಿ ಮೇಲೊಂದು ಬಜಾರ ಕಾಣುತ್ತದೆ. ಅಲ್ಲೂ ನನ್ನದೊಂದು ಅಂಗಡಿ, ಆದರೆ ಮಾರಲು ಏನೂ ಇಲ್ಲ. ಗಿರಾಕಿಗಳು ಬರುತ್ತಾರೆ, ಗಾದಿಯ ಮೇಲೆ ಕೂಡುತ್ತಾರೆ, ಉಸ್ಸೆನ್ನುತ್ತಾರೆ, ಎದ್ದು ಹೋಗುತ್ತಾರೆ. ಯಾರೂ 'ನಾಳಿಗಿ ಬರ್ತೀವಿ' ಎನ್ನುವುದಿಲ್ಲ, ಏಕೆಂದರೆ ಅಲ್ಲಿ ನಾಳೆ ಇಲ್ಲ. ಆಚೆ ಕಟ್ಟೆಯ ಮೇಲೆ ಆಯಿ ಕೂತಿರುತ್ತಾಳೆ. ಪಡುವಣದಿಂದ ಬರುವ ಒಂದೊಂದು ಮೋಡವನ್ನೂ ನಿಲ್ಲಿಸಿ "ಯಾ ಊರ? ಯಾರ ಪೈಕಿ?" ಎನ್ನುತ್ತಾಳೆ. "ಅರಬ್ಬಿ ಸಮುದ್ರದ ಪೈಕಿ, ತಾಯಿ" ಎನ್ನುತ್ತವೆ ಅವು. ಆಯಿ ತಲೆಯಾಡಿಸುತ್ತಾಳೆ. ಅವು ಗಡಿ ದಾಟಿ ಬೀದರಿನ ಕಡೆ ಹೊರಟುಹೋಗುತ್ತವೆ. ಆ ಹೊತ್ತಿನಲ್ಲಿ ನಾನು ಯಾರ ಮಗನೂ ಅಲ್ಲ, ಗಂಡನೂ ಅಲ್ಲ, ಸಾವಕಾರನೂ ಅಲ್ಲ. ಬಹಳ ಸುಖವಾಗಿರುತ್ತದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ವ್ಯಾಪಾರಸ್ಥ ಹಗಲಲ್ಲಿ ಅಂಗಾತ ಮಲಗಿ ಆಕಾಶ ನೋಡುತ್ತಾನೆ ಎಂದು ಬಜಾರಕ್ಕೆ ತಿಳಿದರೆ ಅಂಗಡಿಯ ಪತ್ತು ಹೋಗುತ್ತದೆ. ಶಾಂತಾಳಿಗೂ ಹೇಳಿರಲಿಲ್ಲ. ತಡವಾಗಿ ಬಂದದ್ದಕ್ಕೆ ಆಕೆಗೆ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದ ನೆಪ ಒಂದೇ: "ನಿಲಂಗಾದ ಮಂದಿ ಭಾಳ ಮಾತಾಡ್ತಾರ." ಅಲ್ಲಿಯ ಆ ಇಬ್ಬರು ಅಂಗಡಿಕಾರರೂ ಮಿತಭಾಷಿಗಳು, ಒಬ್ಬರಂತೂ ಬಣ್ಣವನ್ನೂ ಬೆರಳಿನಿಂದಲೇ ತೋರಿಸುತ್ತಾರೆ. ಹೇಳಿದರೆ ಆ ತಾಸು ನನ್ನ ಕೈಬಿಟ್ಟು ಹೋದೀತೆಂಬ ಭಯ ನನಗೆ. 'ದಾರಿಯಲ್ಲಿ ಸುಮ್ಮನೆ ಇರ್ತೀರಲ್ಲ, ಹಾಗಾದರೆ ಹಿಟ್ಟು ಬೀಸಿಸಿಕೊಂಡು ಬನ್ನಿ' ಎಂದರೆ ಏನು ಮಾಡಲಿ?

ಮೋಡದ ಚಟ ಇರುವವನಿಗೆ ಮೋಡದ ಆ್ಯಪ್ ಸಿಕ್ಕರೆ ಬಿಟ್ಟಾನೆಯೆ? 'ಆಭಾಳ' ಎಂದು ಅದರ ಹೆಸರು; ನಮ್ಮ ಕಡೆ ಆಕಾಶಕ್ಕೆ ಹಾಗೆನ್ನುತ್ತಾರೆ. ಎಲ್ಲಿ, ಎಷ್ಟು ಹೊತ್ತಿಗೆ, ಎಂಥ ಮೋಡ ಬರುತ್ತದೆಂದು ಹೇಳುತ್ತದಂತೆ. ಹಾಕಿಕೊಂಡೆ. ತಕ್ಷಣ ಕೇಳಿತು: ನೀವು ಇರುವ ಜಾಗ ತಿಳಿಯಬಹುದೇ? ಯಾವಾಗಲೂ, ಬಳಸುವಾಗ ಮಾತ್ರ, ಬೇಡ. ನಿಮ್ಮವರ ನಂಬರು ನೋಡಬಹುದೇ? ಅವರಿಗೆ ಸಂದೇಶ ಕಳಿಸಬಹುದೇ? ಟಾರ್ಚಿನಿಂದ ಸುಟ್ಟುಕೊಂಡ ಬೆರಳು ಅಲ್ಲೇ ನಿಂತಿತು. ಮಾಡಿದವರು ಯಾರೆಂದು ಕೆಳಗೆ ಹುಡುಕಿದೆ. ವೈಜನಾಥ, ಜಳಕೋಟ ಎಂದಿತ್ತು. ನನಗೆ ಪರಮಾನಂದವಾಯಿತು. ಉಳಿದ ಆ್ಯಪ್‌ನವರೆಲ್ಲ ಎಲ್ಲೆಲ್ಲೋ ಸಮುದ್ರದಾಚೆಯವರು. ಅವರನ್ನು ಯಾರ ಪೈಕಿ ಎಂದು ಯಾರನ್ನು ಕೇಳಲಿ? ಜಳಕೋಟವಾದರೆ ಉದಗೀರದ ಹತ್ತಿರ. ಉದಗೀರದಲ್ಲಿ ನನ್ನ ಸೋದರತ್ತೆ ಗುರಮ್ಮ ಇದ್ದಾಳೆ. ಸುತ್ತಲ ಹತ್ತು ಹಳ್ಳಿಯಲ್ಲಿ ಆಕೆ ವಿಚಾರಿಸದೆ ಆದ ಲಗ್ನವಿಲ್ಲ. ಫೋನು ಹಚ್ಚಿದೆ.

"ಅತ್ತಿ, ಜಳಕೋಟದಾಗ ವೈಜನಾಥ ಅಂತ ಒಬ್ಬಾಂವ ಅದಾನಂತ. ಹ್ಯಾಂಥಾ ಮಂದಿ ಅವರು?"

"ಹುಡಗಿ ಯಾರದೋ, ಮಲ್ಲಾ?"

"ಹುಡಗಿ ಇಲ್ಲತ್ತಿ. ನಾ ಎಲ್ಲಿರ್ತೀನಿ ಅನ್ನೂದು ಅಂವಗ ತಿಳಸಬೇಕೋ ಬ್ಯಾಡೋ ಅಂತ ಕೇಳಾಕತ್ತೀನಿ."

"ನೀ ಎಲ್ಲಿದ್ರ ಅಂವಗೇನೋ? ಬೀಗರಾಗೂದು ಇಲ್ಲ, ಏನಿಲ್ಲ!" ಎಂದು ಬೈದರೂ, ವಿಚಾರಿಸುವ ಅವಕಾಶ ಬಿಡುವ ಹೆಂಗಸಲ್ಲ ಆಕೆ. ಮೂರನೆಯ ದಿನ ತಾನೇ ಫೋನು ಮಾಡಿದಳು.

"ಮನಿತನ ಅಗದಿ ಸ್ವಚ್ಛ. ಅಜ್ಜ ಸಾಲಿ ಮಾಸ್ತರ ಇದ್ದಾಂವ. ಇಂವ ಕಾಲೇಜದಾಗ ಕಂಪ್ಯೂಟರ್ ಕಲಸ್ತಾನ. ಇವರ ಕಾಕಾ ಹೊಲದಾಗ ಸಿಡ್ಲ ಬಡದು ಹೋದ, ಪಾಪ. ಎಲ್ಲಿ ಬಿದ್ದಾನಂತ ಹುಡುಕೂದ್ರಾಗ ಹೊತ್ತ ಮುಣಗಿತ್ತಂತ. ಮತ್ತ ಯಾರಿಗೂ ಹಂಗ ಆಗಬಾರದಂತ ಇದನ್ನ ಮಾಡ್ಯಾನ. ಖರೇನೂ ಛಲೋ ಮನಷ್ಯಾ." ಫೋನು ಇಡುವ ಮುನ್ನ ಅತ್ತೆ ಇನ್ನೊಂದು ಸೇರಿಸಿದಳು. "ಒಂದ ಮಾತ ಹೇಳ್ತೀನಿ ನೋಡು. ಆ ಮನ್ಯಾಗ ಯಾರ ಹೊಟ್ಟ್ಯಾಗೂ ಮಾತ ನಿಲ್ಲೂದಿಲ್ಲ."

ಕೊನೆಯ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮನೆತನ ಸ್ವಚ್ಛ ಎಂದ ಮೇಲೆ ಇನ್ನೇನು? ಮೂರಕ್ಕೂ 'ಯಾವಾಗಲೂ' ಎಂದು ಒತ್ತಿದೆ. ಕಡೆಯದಾಗಿ ಅದು 'ನಿಮ್ಮವರು ಯಾರು? ಗುರುತು ಹಾಕಿ' ಎಂದಿತು. ನಾನು ಶಾಂತಾಳ ಹೆಸರು ಒತ್ತಿದೆ, ಅತ್ತೆಯದು ಒತ್ತಿದೆ, ಸಾಕೆಂದುಕೊಂಡೆ. ಅಷ್ಟರಲ್ಲಿ ಸಾಸ್ತೂರದ ಕಾಕಾ ನೆನಪಾದರು. ನನ್ನ ತಮ್ಮನ ಲಗ್ನಪತ್ರಿಕೆಯಲ್ಲಿ ಬಂಧುಗಳ ಸಾಲಿನಲ್ಲಿ ಕಾಕಾನ ಹೆಸರು ಬಿಟ್ಟುಹೋಗಿತ್ತು. ಲಗ್ನಕ್ಕೆ ಬಂದರು, ಅಕ್ಷತೆ ಹಾಕಿದರು, ಊಟಕ್ಕೆ ಕೂಡದೆ ಹೋದರು. ಹನ್ನೊಂದು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ನಮ್ಮ ಕಡೆ 'ನಿಮ್ಮವರು ಯಾರು' ಎಂದು ಕೇಳಿದರೆ ಯಾರನ್ನೂ ಬಿಡುವ ಹಾಗಿಲ್ಲ. ಕಾಕಾನನ್ನು ಒತ್ತಿದೆ. ಕಾಕಾನನ್ನು ಒತ್ತಿದ ಮೇಲೆ ಮಾವ, ಮಾವನ ಮೇಲೆ ಷಡ್ಡಕ, ಷಡ್ಡಕನ ಮೇಲೆ ಬೀಗರು. ಲಗ್ನಪತ್ರಿಕೆಯನ್ನೇ ಎದುರಿಗಿಟ್ಟುಕೊಂಡು, ವಯಸ್ಸಿನ ಕ್ರಮ ತಪ್ಪದಂತೆ, ನಲವತ್ತಮೂರು ಮಂದಿಯನ್ನು ಒತ್ತಿ ಕೃತಾರ್ಥನಾದೆ.

ಎರಡು ತಿಂಗಳು ಎಲ್ಲ ಚೆನ್ನಾಗಿತ್ತು. 'ಆಭಾಳ' ಹೇಳಿದ ಹೊತ್ತಿಗೆ ಹೇಳಿದ ಮೋಡ ಬರುತ್ತಿತ್ತು. ಹಸ್ತ ಮಳೆಯ ಒಂದು ಗುರುವಾರ ಮಧ್ಯಾಹ್ನ ನಾನು ಕಲ್ಲಿನ ಮೇಲೆ ಮಲಗಿದ್ದೆ. ದೂರದಲ್ಲಿ ಮೋಡ ಕಾಡಿಗೆ ಬಣ್ಣಕ್ಕೆ ತಿರುಗಿ ಮೆಲ್ಲಗೆ ಏಳುತ್ತಿತ್ತು. ಅಂಥ ಬಣ್ಣದ ಸೀರೆಯನ್ನು ನಾನು ಇವತ್ತಿಗೂ ಮಾರಿಲ್ಲ. ಮೇಲಿನ ಬಜಾರ ತೆರೆದಿತ್ತು, ಆಯಿ ಕಟ್ಟೆಗೆ ಬಂದಿದ್ದಳು. ನಾನು ನಿದ್ದೆಯಲ್ಲಿದ್ದೆನೋ ಎಚ್ಚರದಲ್ಲಿದ್ದೆನೋ ಪ್ರಮಾಣ ಮಾಡಿ ಹೇಳಲಾರೆ. ಜೇಬು ನಡುಗಿತು. ತೆಗೆದು ನೋಡಿದರೆ 'ಆಭಾಳ' ತಾನು ನನ್ನವರಿಗೆಲ್ಲ ಏನು ಕಳಿಸಿದೆ ಎಂಬುದನ್ನು ನನಗೂ ತಿಳಿಸಿತ್ತು. ನಿಮ್ಮ ಮಲ್ಲಿನಾಥ ಅವರು ನಿಲಂಗಾ ರಸ್ತೆಯ ದಿಬ್ಬದ ಮೇಲೆ ಬಯಲಿನಲ್ಲಿ ಒಂದು ತಾಸು ಹದಿಮೂರು ನಿಮಿಷದಿಂದ ಇದ್ದಾರೆ, ಅಲ್ಲಿ ಸಿಡಿಲಿನ ಸಂಭವವಿದೆ, ದಯವಿಟ್ಟು ಅವರನ್ನು ಎಚ್ಚರಿಸಿ ಎಂದು ಅಚ್ಚ ಮರಾಠಿಯಲ್ಲಿ, ನಕಾಶೆ ಸಮೇತ, ನಲವತ್ತಮೂರು ಮಂದಿಗೆ.

ನಾನು ಎದ್ದು ಇಳಿಜಾರಿನಲ್ಲಿ ಓಡಿ ಮರದಿಂದ ದೂರ ಬಂದು ಕುಕ್ಕರುಗಾಲಲ್ಲಿ ಕೂತೆ. ಓಡಿದ್ದು ಸಿಡಿಲಿಗೋ ಸಂದೇಶಕ್ಕೋ ಈಗಲೂ ಗೊತ್ತಿಲ್ಲ. ಫೋನುಗಳು ಶುರುವಾದವು. ಷಡ್ಡಕ ಗಾಡಿ ಕೆಟ್ಟಿದೆಯೇ ಎಂದು ಕೇಳಿದ. ಬೀಗರು ಮೈಯಲ್ಲಿ ಹುಷಾರಿಲ್ಲವೇ ಎಂದರು. ಸಾಸ್ತೂರದ ಕಾಕಾ ದನಿ ತಗ್ಗಿಸಿ ಕೇಳಿದರು: "ಮಲ್ಲಾ, ಆ ದಿಬ್ಬ ತಗೊಳ್ಳಾಕತ್ತೀಯೇನೋ?"

"ಇಲ್ಲ ಕಾಕಾ. ಸುಮ್ನ ಕೂತೀನಿ."

"ಹೇಳಬ್ಯಾಡ ಬಿಡು. ವ್ಯಾಪಾರದ ಮಾತ ಮುಗಿಯೂ ತನಕಾ ಹೊರಗ ಹಾಕಬಾರದು. ನನಗೂ ತಿಳೀತದ."

ಎಷ್ಟು ಹೇಳಿದರೂ ಒಬ್ಬರೂ ನಂಬಲಿಲ್ಲ. ನಮ್ಮ ಮನೆತನದ ಮನುಷ್ಯ ಒಂದು ತಾಸು ಹದಿಮೂರು ನಿಮಿಷ ಏನೂ ಮಾಡದೆ ಇರುತ್ತಾನೆಂಬುದು ಅವರ ಕಲ್ಪನೆಗೇ ನಿಲುಕದು. ಸಂಜೆಯೊಳಗೆ ನಾನು ಆ ದಿಬ್ಬದ ಮೇಲೆ ಲಗ್ನಗಳಿಗೆ ಮಂಗಲ ಕಾರ್ಯಾಲಯ ಕಟ್ಟಿಸುತ್ತೇನೆಂದೂ ಸುದ್ದಿಯಾಯಿತು. ಅದರಿಂದ ನನಗೇನೂ ಆಗಲಿಲ್ಲ. ನನ್ನ ಚಿಂತೆ ಬೇರೆಯದು. ನಲವತ್ತೆರಡು ಮಂದಿ ಫೋನು ಮಾಡಿದರು. ಶಾಂತಾ ಮಾಡಲಿಲ್ಲ.

ಮೋಡ ಅಷ್ಟೆಲ್ಲ ಗುಡುಗಿ ನಾಲ್ಕು ಹನಿ ಉದುರಿಸಿ ಬೇರೆ ಕಡೆ ಹೋಯಿತು. ನಾನು ಗಾಡಿಯನ್ನು ಎಂದಿಗಿಂತ ನಿಧಾನವಾಗಿ ಓಡಿಸಿದೆ. ಇಪ್ಪತ್ತು ವರ್ಷದ ಗುರುವಾರಗಳ ಸುಳ್ಳು ಒಂದೊಂದಾಗಿ ಹಿಂದಿನ ಸೀಟಿನಲ್ಲಿ ಬಂದು ಕೂಡುತ್ತಿತ್ತು. ಮನೆಗೆ ಬಂದರೆ ಶಾಂತಾ ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿಬೇಳೆ ಹಸನು ಮಾಡುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ತೊಯ್ಸಿಕೊಂಡ್ರೇನು?"

"ಇಲ್ಲ. ಅದೇನಾತು ಅಂದ್ರ, ನಿಲಂಗಾದ ಮಂದಿ..."

"ಆ ಮಂದೀನ ಇನ್ನ ಬಿಡ್ರಿ. ಇಪ್ಪತ್ತ ವರ್ಷ ಮಾತಾಡ್ಯಾರ, ಪಾಪ, ಬಾಯಿ ನೋಯ್ತಿರಬೇಕು."

ನಾನು ಕಂಬಕ್ಕೆ ಒರಗಿ ಕೂತೆ. ಹೇಳಿದೆ. ಕಲ್ಲು, ಬೇವು, ಬಜಾರ, ಆಯಿ, ಎಲ್ಲ. ಹೇಳುತ್ತ ಹೇಳುತ್ತ ಅದೆಲ್ಲ ಎಷ್ಟು ಹುಚ್ಚುತನವಾಗಿ ಕೇಳಿಸಿತೆಂದರೆ ನನಗೇ ಆ ದಿಬ್ಬ ಕೊಂಡೆನೆಂದು ಹೇಳುವುದೇ ವಾಸಿಯೆನ್ನಿಸಿತು. ಆಕೆ ಬೇಳೆಯೊಳಗಿನ ಒಂದು ಹರಳನ್ನು ಆರಿಸಿ ಆಚೆ ಎಸೆದಳು.

"ಗೊತ್ತದ."

"ಸಂದೇಶ ಬಂತಲ್ಲ" ಎಂದೆ.

"ಸಂದೇಶ ಇವತ್ತ ಬಂತು. ಗುರವಾರಕ್ಕೊಮ್ಮೆ ನಿಮ್ಮ ಪ್ಯಾಂಟಿಗೆ ಚುಚಗೊಂಡ ಹುಲ್ಲಿನ ಮುಳ್ಳ ಯಾರ್ ಕೀಳ್ತಾರ? ನಿಲಂಗಾದ ಅಂಗಡ್ಯಾಗ ಹುಲ್ಲ ಬೆಳೀತದೇನ್ರಿ? ಮೊದಲ ನನಗೂ ಭಾಳ ಹೆದರಿಕಿ ಆಗಿತ್ತು, ಸುಳ್ಳ ಯಾಕ ಹೇಳಲಿ. ಒಮ್ಮೆ ನಮ್ಮಕ್ಕಗ ಜ್ವರಾ ಬಂದಾವಂತ ನಿಲಂಗಾಕ್ಕ ಹೊಂಟಿದ್ದೆ ನೋಡ್ರಿ. ಬಸ್ಸಿನ ಖಿಡಕ್ಯಾಗಿಂದ ಕಂಡ್ರಿ. ಕಲ್ಲಿನ ಮ್ಯಾಲ ಅಂಗಾತ. ಬಾಯಿ ತಕ್ಕೊಂಡು ಆಭಾಳ ನೋಡ್ಕೋತ. ಮನಿಗಿ ಬಂದ ಮ್ಯಾಲ ನೀವು, ದಾರಿ ಹ್ಯಾಂಗಿತ್ತು ಅಂತ ಕೇಳಿದ್ರಿ. ನಾ ಛಲೋ ಇತ್ತು ಅಂದೆ."

"ಮತ್ತ ಕೇಳಲಿಲ್ಲ ಯಾಕ?" ಎಂದೆ.

"ಮನಷ್ಯಾಗ ತನ್ನದೊಂದ ತಾಸ ಬೇಡೇನ್ರಿ? ಹೇಳೂ ಹೊತ್ತಿಗಿ ಹೇಳ್ತಾರಂತ ಸುಮ್ನಿದ್ದೆ." ಈಗ ಆಕೆ ಮೊರ ಕೆಳಗಿಟ್ಟಳು. "ಜಳಕೋಟದಾಂವಗ ಹೇಳೀರಿ. ಅಂವಾ ಯಾರ ಪೈಕಿ ಅಂತ ಅತ್ತೀಗಿ ಕೇಳಿ, ನಂಬಿ, ಯಾವಾಗ್ಲೂ ತಿಳಕೋ ಅಂತ ಪರವಾನಗಿ ಕೊಟ್ಟೀರಿ. ನನಗ ಹೇಳಲಿಲ್ಲ."

ಆಕೆ ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಆಕೆಯ ಕಣ್ಣು ತುಂಬಿದ್ದವು. ನನಗೆ ಜೀವಮಾನದಲ್ಲಿ ಅಷ್ಟು ನಾಚಿಕೆ ಆದದ್ದಿಲ್ಲ. ಮೂರು ದಿನ ಕಾದು, ಮೂರು ತಲೆಮಾರು ವಿಚಾರಿಸಿ, ಕಂಡರಿಯದವನೊಬ್ಬನಿಗೆ ಕೊಟ್ಟಿದ್ದನ್ನು, ಇಪ್ಪತ್ತು ವರ್ಷ ನನ್ನ ಪ್ಯಾಂಟಿನ ಮುಳ್ಳು ಕಿತ್ತವಳಿಗೆ ಕೊಟ್ಟಿರಲಿಲ್ಲ. ವೈಜನಾಥನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅವನು ಮಾಡುತ್ತೇನೆಂದದ್ದನ್ನೇ ಮಾಡಿದ್ದ; ಒಂಟಿ ಮರದ ಕೆಳಗಿನಿಂದ ನನ್ನನ್ನು ಎಬ್ಬಿಸಿದ್ದ.

ಆ್ಯಪ್ ತೆಗೆಯಲಿಲ್ಲ. ಅಲ್ಲೇ ಕೂತು 'ನಿಮ್ಮವರು' ಎಂಬಲ್ಲಿ ಒಂದೊಂದೇ ಹೆಸರು ಅಳಿಸುತ್ತ ಬಂದೆ. ಬೀಗರು ಹೋದರು, ಷಡ್ಡಕ ಹೋದ, ಅತ್ತೆ ಹೋದಳು. ಸಾಸ್ತೂರದ ಕಾಕಾನ ಹತ್ತಿರ ಬೆರಳು ತುಸು ಅಳುಕಿತು, ಆದರೂ ಅಳಿಸಿದೆ. ಒಂದು ಹೆಸರು ಉಳಿಯಿತು. ತೋರಿಸಿದೆ. ಶಾಂತಾ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು, "ಕಾಕಾಗ ತಿಳದ್ರ ಮತ್ತ ಹನ್ನೊಂದ ವರ್ಷ ಬರೂದಿಲ್ಲ" ಎಂದಳು. ಇಬ್ಬರೂ ನಕ್ಕೆವು.

ಆ ಸಂತೋಷದಲ್ಲಿ ನನಗೆ ಔದಾರ್ಯ ಉಕ್ಕಿತು. "ಬರೂ ಗುರವಾರ ನೀನೂ ಬಾ. ಕಲ್ಲ ದೊಡ್ಡದದ, ಇಬ್ಬರಿಗೂ ಆಗತದ" ಎಂದೆ.

"ಗುರವಾರ ನನಗ ಆಗೂದಿಲ್ರಿ."

"ಯಾಕ?"

"ನೀವು ಒಂದ ತಾಸ ತಡಾ ಬರ್ತೀರಿ ಅಂತ ನನಗೂ ಒಂದ ತಾಸ ಸಿಗತದ."

"ಏನ್ ಮಾಡ್ತಿ ಆವಾಗ?"

ಶಾಂತಾ ನನ್ನನ್ನು ಒಮ್ಮೆ ನೋಡಿದಳು, ಸಣ್ಣಗೆ ನಕ್ಕಳು, ಮೊರ ಎತ್ತಿಕೊಂಡಳು.

ಅಂದಿನಿಂದ ನನ್ನ ಮೋಡ ಕೆಟ್ಟಿದೆ. ಕಲ್ಲಿನ ಮೇಲೆ ಮಲಗಿದರೆ ಮೇಲಿನ ಬಜಾರ ತೆರೆಯುವುದಿಲ್ಲ; ನಮ್ಮ ಮನೆಯ ಪಡಸಾಲೆಯೇ ಕಾಣುತ್ತದೆ, ಅದರಲ್ಲಿ ಶಾಂತಾ ಇರುವುದಿಲ್ಲ. ನಾನೀಗ ಪೂರಾ ಆ ಟಾರ್ಚಿನ ಹಾಗೆ ಆಗಿದ್ದೇನೆ. ಕೇಳಬಾರದ್ದನ್ನೆಲ್ಲ ಕೇಳುತ್ತೇನೆ: ಹಾಡುತ್ತೀಯೇನು? ಮಲಗುತ್ತೀಯೇನು? ಎಲ್ಲಿಗಾದರೂ ಹೋಗುತ್ತೀಯೇನು? ಒಂದಕ್ಕೂ ಪರವಾನಗಿ ಸಿಕ್ಕಿಲ್ಲ. ಒಣಹಾಕಿದ ಆಕೆಯ ಸೀರೆಯ ಅಂಚನ್ನು ಹುಲ್ಲಿನ ಮುಳ್ಳಿಗಾಗಿ ಎರಡು ಸಲ ಪರೀಕ್ಷಿಸಿದೆ. ವ್ಯಾಪಾರದ ಕಣ್ಣಿಗೆ ಕಂಡದ್ದು ಇಷ್ಟೇ: ಬಣ್ಣ ಗಟ್ಟಿಯಾಗಿದೆ, ಒಂದು ಎಳೆಯೂ ಬಿಟ್ಟಿಲ್ಲ. ಕಡೆಗೆ ಬೇರೆ ದಾರಿ ಕಾಣದೆ ಉದಗೀರಕ್ಕೆ ಫೋನು ಹಚ್ಚಿದೆ.

"ಅತ್ತಿ, ನಮ್ಮ ಶಾಂತಾನ ತವರಮನಿ ಮಂದಿ ಹ್ಯಾಂಥಾವರು?"

ಆ ಕಡೆ ಅತ್ತೆ ಎಷ್ಟು ನಕ್ಕಳೆಂದರೆ ನಾನು ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ಲಗ್ನಾಗಿ ಇಪ್ಪತ್ತೆರಡ ವರ್ಷಕ್ಕ ಕೇಳ್ತೀಯೇನೋ ಇದನ್ನ? ಅವಾಗೇ ನಿಮ್ಮಪ್ಪಗ ಹೇಳಿದ್ದೆ, ಮನಿತನ ಛಲೋ, ಆದರ ಆ ಮನ್ಯಾಗ ಹೊಟ್ಟ್ಯಾಗ ಹೋದ ಮಾತ ಹೊರಗ ಬರೂದಿಲ್ಲ ಅಂತ. ನಿಮ್ಮಪ್ಪ ಏನಂದ ಗೊತ್ತೇನು? 'ನಮ್ಮ ಮಲ್ಲಾ ಹುಟ್ಟಿದಾಗಿಂದ ಆಭಾಳ ನೋಡ್ಕೋತ ನಡಿಯಾಂವ. ಅಂವಗ ಅದನ್ನ ಮುಚ್ಚಿಟಗೊಳ್ಳಾಕೀನ ಬೇಕು' ಅಂದ."